ರಾಳದ ಬೆಂಕಿಗೆ ಒಂದು ಒದ್ದೆ ಗೋಣಿ

ಯಕ್ಷಗಾನದ ಆಟದಲ್ಲಿ ಜನ ಚಪ್ಪಾಳೆ ತಟ್ಟುವುದು ಹೊಸ ಸಂಗತಿಯೇನಲ್ಲ. ಆದರೆ ಒಬ್ಬ ಮನುಷ್ಯನ ತಲೆಗೆ ಬೆಂಕಿ ಹತ್ತಿಕೊಂಡಾಗ ಜನ ಚಪ್ಪಾಳೆ ತಟ್ಟಿದ್ದನ್ನು ನಾನು ಕಂಡದ್ದು ಒಂದೇ ಸಲ, ಹೊನ್ನಾವರ ಸೀಮೆಯ ಕೊಯ್ಲಾದ ಒಂದು ಗದ್ದೆಯಲ್ಲಿ. ರಾತ್ರಿ ಎರಡು ಗಂಟೆ ದಾಟಿತ್ತು. ರಾಕ್ಷಸನ ಒಡ್ಡೋಲಗ. ಇಬ್ಬರು ಹುಡುಗರು ತೆರೆ ಹಿಡಿದಿದ್ದರು. ಅದರ ಹಿಂದೆ ಬಣ್ಣದ ವೇಷ ಬೆನ್ನು ತಿರುಗಿಸಿ ಕುಣಿಯುತ್ತಿತ್ತು. ಪಕ್ಕದಲ್ಲಿ ದೊಂದಿ ಹಿಡಿದವನೊಬ್ಬ, ಅದಕ್ಕೆ ರಾಳದ ಪುಡಿಯನ್ನು ಮುಷ್ಟಿ ಮುಷ್ಟಿಯಾಗಿ ಎರಚುವವನೊಬ್ಬ. ಮೊದಲ ಎರಡು ಮುಷ್ಟಿ ಸರಿಯಾಗಿಯೇ ಹೋಯಿತು. ಮೂರನೆಯದಕ್ಕೆ ಗುಡ್ಡದ ಕಡೆಯಿಂದ ಗಾಳಿಯ ಒಂದು ಸುಳಿ ಬಂದು ಬೆಂಕಿಯ ಉಂಡೆ ವೇಷದ ಮೇಲೆಯೇ ಹೊರಳಿತು. ತಲೆಯ ಕೇಸರಿಯ ಅಂಚಿನಲ್ಲಿ ಒಂದು ಸಣ್ಣ ನಾಲಗೆ ಕಾಣಿಸಿತು. ಚಂಡೆಯ ಅಬ್ಬರದಲ್ಲಿ ವೇಷಧಾರಿಗೆ ಅದು ತಿಳಿಯಲೇ ಇಲ್ಲ. ಅವನು ಇನ್ನೂ ಎರಡು ಗಿರಕಿ ಹಾಕಿದ. ಗಿರಕಿಯ ಗಾಳಿಗೆ ನಾಲಗೆ ಜ್ವಾಲೆಯಾಯಿತು. ಇದೂ ಆಟದ ಭಾಗವೆಂದು ಬಗೆದು ಜನ ಕೈ ತಟ್ಟಿದರು. ನಾನೂ ತಟ್ಟಿದೆ, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ?

ಮೊದಲು ಎದ್ದವನು ಮದ್ದಳೆಯವನು. ಅವನು ಕೈಯಲ್ಲಿ ಏನೂ ಇಲ್ಲದೆ ಎದ್ದು ನಿಂತ. ತೆರೆ ಹಿಡಿದ ಹುಡುಗರು ತೆರೆಯನ್ನು ಅಲ್ಲಿಯೇ ಬಿಟ್ಟು ಹಿಂದೆ ಸರಿದರು. ಕೊನೆಗೆ ಮುಂದಿನ ಸಾಲಿನಲ್ಲಿ ಕಂಬಳಿ ಹೊದ್ದು ತೂಕಡಿಸುತ್ತಿದ್ದ ಮುದುಕನೊಬ್ಬ ಓಡಿ ಬಂದು ಆ ಕಂಬಳಿಯನ್ನು ವೇಷದ ತಲೆಯ ಮೇಲೆ ಹಾಕಿ ಅದುಮಿದ. ಕಿವಿ, ಕುತ್ತಿಗೆ, ಒಂದು ಭುಜ ಬೆಂದಿದ್ದವು. ಚೌಕಿಯಲ್ಲಿ ಯಾರೋ ಹಲ್ಲುಜ್ಜುವ ಪೇಸ್ಟನ್ನು ಗಾಯಕ್ಕೆ ಹಚ್ಚಿದರು. ಕಾಲು ಗಂಟೆಯಲ್ಲಿ ಬೇರೊಬ್ಬ ಬಣ್ಣ ಹಚ್ಚಿಕೊಂಡು ಬಂದ. ಆಟ ಬೆಳಗಿನವರೆಗೂ ನಡೆಯಿತು. ಆಟ ಆಡಿಸಿದವರಲ್ಲೊಬ್ಬರು ನನಗೆ ಹೇಳಿದರು: "ಇಂಥಾದ್ದೆಲ್ಲ ಆಗ್ತದೆ ಮಾರಾಯ್ರೆ, ದೇವರು ದೊಡ್ಡವನು."

ದೇವರು ದೊಡ್ಡವನೆಂಬುದರಲ್ಲಿ ತಕರಾರಿಲ್ಲ. ಆದರೆ ಆ ರಾತ್ರಿ ಆ ಕಲಾವಿದನನ್ನು ಕಾಯ್ದದ್ದು ಚಳಿಗೆ ಅಂಜುವ ಒಬ್ಬ ಮುದುಕನ ಕಂಬಳಿ. ಆ ಮುದುಕ ಅಂದು ಮನೆಯಲ್ಲಿ ಮಲಗಿದ್ದರೆ? ಅದೇ ಗದ್ದೆಯಲ್ಲಿ ಜನರೇಟರ್ ಇತ್ತು, ಬಣ್ಣಬಣ್ಣದ ದೀಪಗಳಿದ್ದವು, ಎದೆ ನಡುಗಿಸುವ ಧ್ವನಿವರ್ಧಕಗಳಿದ್ದವು, ಗಣ್ಯರಿಗೆ ಹೊದಿಸಲು ಶಾಲುಗಳೂ ಇದ್ದವು. ಒಂದು ಒದ್ದೆ ಗೋಣಿಚೀಲ ಮಾತ್ರ ಇರಲಿಲ್ಲ. ನನ್ನ ಜಗಳವೆಲ್ಲ ಇರುವುದು ಈ ಇಲ್ಲದ ಗೋಣಿಯ ಬಗ್ಗೆ.

ರಾಳವೆಂದರೇನೆಂದು ಪೇಟೆಯ ಓದುಗರಿಗೆ ಎರಡು ಮಾತು ಹೇಳಬೇಕು. ಅದು ಧೂಪದ ಮರದ ಅಂಟು. ಗಟ್ಟಿಯಾದ ಹರಳನ್ನು ದೀಪಕ್ಕೆ ಹಿಡಿದರೆ ಅದು ಕರಗಿ, ಹೊಗೆಯಾಡಿ, ಸಾವಕಾಶವಾಗಿ ಉರಿಯುತ್ತದೆ, ಯಾರೂ ಹೆದರಬೇಕಾಗಿಲ್ಲ. ಅದನ್ನೇ ಕುಟ್ಟಿ ನಯವಾದ ಪುಡಿ ಮಾಡಿ ಗಾಳಿಯಲ್ಲಿ ಎರಚಿದಾಗ ಸ್ವಭಾವವೇ ಬದಲಾಗುತ್ತದೆ. ಒಂದೊಂದು ಕಣದ ಸುತ್ತಲೂ ಗಾಳಿ. ಒಂದು ಕಣಕ್ಕೆ ಹತ್ತಿದ ಬೆಂಕಿ ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಕಣಕ್ಕೂ ಹಬ್ಬುತ್ತದೆ. ರಾಳಕ್ಕೆ ಮಾತ್ರವಲ್ಲ, ಹಿಟ್ಟಿಗೂ ಸಕ್ಕರೆ ಪುಡಿಗೂ ಈ ಗುಣವುಂಟು. 2015ರ ಜೂನ್ 27ರಂದು ತೈವಾನಿನ ಒಂದು ವಿಹಾರಧಾಮದಲ್ಲಿ ಸಂಗೀತಕ್ಕೆ ಕುಣಿಯುತ್ತಿದ್ದ ಜನರ ಮೇಲೆ ಬಣ್ಣ ಹಾಕಿದ ಜೋಳದ ಪಿಷ್ಟವನ್ನು ಎರಚಿದರು. ಅಡಿಗೆಮನೆಯಲ್ಲಿರುವ ಪದಾರ್ಥ ಅದು. ಅದಕ್ಕೆ ಬೆಂಕಿ ತಗಲಿ 15 ಜನ ಸತ್ತರು. ಸುಟ್ಟು ಗಾಯಗೊಂಡವರು ಸುಮಾರು 500. ಪುಡಿ ಎಂದರೆ ಮದ್ದೇ ಎಂದು ತಿಳಿದು ನಡೆಯಬೇಕಾದ ವಸ್ತುವನ್ನು ನಮ್ಮಲ್ಲಿ ತೆರೆದ ಬಟ್ಟಲಿನಲ್ಲಿಟ್ಟುಕೊಂಡು, ದೊಂದಿಯಿಂದ ಒಂದು ಮೊಳದ ದೂರದಲ್ಲಿ ನಿಂತು, ಬರಿಗೈಯಿಂದ ತುಂಬಿಕೊಳ್ಳುತ್ತಾರೆ.

"ನಮ್ಮ ಹಿರಿಯರೂ ಹೀಗೆಯೇ ಮಾಡುತ್ತಿದ್ದರಲ್ಲ?" ಎಂದು ಕೇಳುವವರುಂಟು. ಹೀಗೆಯೇ ಮಾಡುತ್ತಿರಲಿಲ್ಲ ಎಂಬುದೇ ನನ್ನ ವಾದ. ಕರೆಂಟು ಬರುವ ಮೊದಲು ರಂಗಸ್ಥಳದ ಎರಡು ಬದಿಗೆ ಉರಿಯುವ ದೊಂದಿಗಳೇ ಆಟದ ಬೆಳಕು. ಆ ಮಬ್ಬಿನಲ್ಲಿ ರಾಕ್ಷಸನ ಮುಖದ ಕೆಂಪು, ಕಪ್ಪು, ಬಿಳಿಯ ಚಿಟ್ಟಿಗಳು ಒಂದು ಕ್ಷಣ ಜಗ್ಗನೆ ಕಾಣಿಸಿ ಮತ್ತೆ ಕತ್ತಲೆಗೆ ಸೇರಬೇಕೆಂದು ರಾಳ ಹಾಕುತ್ತಿದ್ದರು. ಒಂದು ಚಿಟಿಕೆ ಸಾಕಾಗುತ್ತಿತ್ತು, ಯಾಕೆಂದರೆ ಸುತ್ತ ಕತ್ತಲೆಯಿತ್ತು. ಈಗ ಹಗಲಿನಂಥ ವಿದ್ಯುತ್ ದೀಪದ ಕೆಳಗೆ ಆ ಚಿಟಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಚಿಟಿಕೆ ಮುಷ್ಟಿಯಾಯಿತು. ಮುಷ್ಟಿ ಸಾಲದೆಂದು ಕೆಲವೆಡೆ ಬಾಯಲ್ಲಿ ಸೀಮೆಎಣ್ಣೆ ತುಂಬಿ ಊದುವ ಕಸರತ್ತೂ ಸೇರಿಕೊಂಡಿತು. ಆ ಎಣ್ಣೆ ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೆ ಬೆಂಕಿಯಿಲ್ಲದೆಯೇ ಮನುಷ್ಯ ಆಸ್ಪತ್ರೆ ಸೇರುತ್ತಾನೆ. ಇದು ಯಾವ ಹಿರಿಯರ ಸಂಪ್ರದಾಯ?

ಉಡುಪನ್ನೇ ನೋಡಿ. ಹಿಂದಿನ ಕಸೆ ಸೀರೆ ಕೈಮಗ್ಗದ ಹತ್ತಿಯದೋ ರೇಷ್ಮೆಯದೋ ಆಗಿರುತ್ತಿತ್ತು. ಆಭರಣಗಳು ಹಗುರ ಮರದಲ್ಲಿ ಕೆತ್ತಿ ಬೇಗಡೆ ಹಚ್ಚಿದವು. ಹತ್ತಿ ಉರಿಯುತ್ತದೆ, ಅದು ನಿಜ. ಆದರೆ ಉರಿದು ಬೂದಿಯಾಗುತ್ತದೆ. ನೈಲಾನ್, ಪಾಲಿಯೆಸ್ಟರುಗಳು ಬೂದಿಯಾಗುವ ಮೊದಲು ಕರಗುತ್ತವೆ, ಕರಗಿ ಮೈಗೆ ಅಂಟುತ್ತವೆ. ಬಟ್ಟೆ ಕೀಳಹೋದರೆ ಚರ್ಮವೂ ಜತೆಗೆ ಬರುತ್ತದೆ. ಇತ್ತೀಚೆಗೆ ನಾನು ಹೊಕ್ಕು ನೋಡಿದ ಚೌಕಿಗಳಲ್ಲಿ ಹತ್ತಿಯ ದಗಲೆ ಅಪರೂಪ. ಭಟ್ಕಳದ ಪೇಟೆಯಲ್ಲಿ ಹೊಳೆಯುವ ಬಟ್ಟೆ ಸೋವಿಯಾಗಿ ಸಿಗುತ್ತದೆ, ತೊಳೆದರೆ ಬೇಗ ಒಣಗುತ್ತದೆ, ಇಸ್ತ್ರಿ ಬೇಡ. ಬಡ ಕಲಾವಿದನನ್ನು ಅದಕ್ಕಾಗಿ ಬೈಯುವುದು ಅನ್ಯಾಯ. ಅದರ ಮೇಲೆ ಥರ್ಮೊಕೋಲಿನ ಭುಜಕೀರ್ತಿ, ಸ್ಪಂಜಿನ ಎದೆ, ಒಳಗೆ ಗಟ್ಟಿಗಾಗಿ ತುಂಬಿದ ಒಣಹುಲ್ಲು. ಇವೆಲ್ಲವನ್ನೂ ಹಗ್ಗ ಲಾಡಿಗಳಿಂದ ಬಿಗಿದು ಕಟ್ಟಿರುತ್ತಾರೆ. ಕಟ್ಟಲು ಗಂಟೆಗಟ್ಟಲೆ ಹಿಡಿಯುವುದನ್ನು ಒಂದು ನಿಮಿಷದಲ್ಲಿ ಬಿಚ್ಚಲಾಗುವುದಿಲ್ಲ. ಬಣ್ಣದ ವೇಷವೆಂದರೆ ಹೀಗೆ ಒಳಗೊಬ್ಬ ಮನುಷ್ಯನನ್ನಿಟ್ಟು ಹೊರಗೆ ಕಟ್ಟಿದ ಹುಲ್ಲಿನ ಬಣವೆ. ಅದರ ಮುಂದೆ ನಾವು ಬೆಂಕಿ ಎರಚುತ್ತೇವೆ.

ದೊಂದಿಯ ಎಣ್ಣೆಯೂ ಬದಲಾಗಿದೆ. ತೆಂಗಿನೆಣ್ಣೆ, ಹೊಂಗೆಯೆಣ್ಣೆಗಳು ಇನ್ನೂರು ಡಿಗ್ರಿಗಿಂತ ಹೆಚ್ಚು ಕಾಯದೆ ಬೆಂಕಿ ಹತ್ತಗೊಡುವುದಿಲ್ಲ. ಅವುಗಳಲ್ಲಿ ಅದ್ದಿದ ಬಟ್ಟೆ ನೆಲಕ್ಕೆ ಬಿದ್ದರೂ ಅಲ್ಲಿಯೇ ಉರಿಯುತ್ತದೆ. ಸೀಮೆಎಣ್ಣೆ ಸುಮಾರು ನಲವತ್ತು ಡಿಗ್ರಿಯ ಹತ್ತಿರವೇ ಹೊತ್ತಿಕೊಳ್ಳಬಲ್ಲದು. ರೇಶನ್ನಿನ ಸೀಮೆಎಣ್ಣೆ ದುರ್ಲಭವಾದ ಮೇಲೆ ಹುಡುಗರು ಬೈಕಿನ ಟಾಂಕಿಯಿಂದ ಪೆಟ್ರೋಲನ್ನೇ ಹೀರಿ ತರುವುದನ್ನು ಕಂಡಿದ್ದೇನೆ. ಪೆಟ್ರೋಲಿನ ಆವಿ ತಣ್ಣಗಿನ ರಾತ್ರಿಯಲ್ಲೂ ಏಳುತ್ತದೆ, ನೆಲದ ಮೇಲೆ ಹರಿದು ಹೋಗುತ್ತದೆ, ಹತ್ತು ಅಡಿ ದೂರದ ಬೀಡಿಯ ಕಿಡಿಯಿಂದ ತಿರುಗಿ ಬರುತ್ತದೆ. ಇನ್ನು ಬಯಲಾಟವು ಬಯಲು ಬಿಟ್ಟು ಟೆಂಟು ಸೇರಿದ ಕಥೆ ಎಲ್ಲರಿಗೂ ಗೊತ್ತು. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಮಂದಿ ಸತ್ತರು, ಅವರಲ್ಲಿ ಬಹುಪಾಲು ಮಕ್ಕಳು. ಆ ಸುದ್ದಿಯನ್ನು ಓದಿ ಮರುಗಿದ ನಾವು ಟೆಂಟಿನೊಳಗೆ ರಾಳ ಎರಚುವುದನ್ನು ನೋಡಿ ಶೇಂಗಾ ತಿನ್ನುತ್ತ ಕುಳಿತಿರುತ್ತೇವೆ.

ಇಷ್ಟು ಹೇಳಿದ ಕೂಡಲೆ ಎರಡು ಕಡೆಯಿಂದ ಕಲ್ಲು ಬೀಳುತ್ತದೆಂದು ಬಲ್ಲೆ.

ಮೊದಲನೆಯ ಕಡೆಯವರು ಸೌಂದರ್ಯದ ರಕ್ಷಕರು. ಬಟ್ಟೆಗೆ ಔಷಧಿ ಹಾಕಿದರೆ ಬಣ್ಣ ಮಾಸುತ್ತದೆ, ರಂಗದ ಬದಿಯಲ್ಲಿ ಬಾಲ್ದಿ ಇಟ್ಟರೆ ಪುರಾಣಲೋಕ ಒಡೆಯುತ್ತದೆ ಎನ್ನುತ್ತಾರೆ. ಈ ಮಾತು ನಮ್ಮದೇ ಅಲ್ಲ. ಪ್ಯಾರಿಸಿನ ಒಪೆರಾದಲ್ಲಿ ಎಮ್ಮಾ ಲಿವ್ರಿ ಎಂಬ ಇಪ್ಪತ್ತರ ಆಸುಪಾಸಿನ ನರ್ತಕಿಯಿದ್ದಳು. ಅನಿಲದೀಪಗಳು ಉರಿಯುವ ರಂಗದ ಮೇಲೆ ತೆಳುವಾದ ಬಿಳಿಯ ಲಂಗ ತೊಟ್ಟು ಕುಣಿಯುವ ಹುಡುಗಿಯರು ಸುಟ್ಟುಹೋಗುತ್ತಿದ್ದ ಕಾಲ ಅದು. ಲಂಗವನ್ನು ಬೆಂಕಿ ತಡೆಯುವ ದ್ರಾವಣದಲ್ಲಿ ಅದ್ದುವ ಕ್ರಮ ಆಗಲೇ ಬಂದಿತ್ತು. ಆದರೆ ಅದ್ದಿದ ಬಟ್ಟೆ ಮಂಕಾಗುತ್ತದೆ, ಬಿರುಸಾಗುತ್ತದೆಂದು ಅವಳು ಒಲ್ಲೆನೆಂದಳು. 1862ರ ನವೆಂಬರ್ 15ರಂದು ತಾಲೀಮಿನ ನಡುವೆ ಲಂಗದ ಅಂಚು ದೀಪಕ್ಕೆ ತಾಗಿತು. ಎಂಟು ತಿಂಗಳು ನರಳಿ 1863ರ ಜುಲೈಯಲ್ಲಿ ಅವಳು ಸತ್ತಳು. ಬಣ್ಣ ಮಾಸುವುದಕ್ಕೂ ಮನುಷ್ಯ ಬೇಯುವುದಕ್ಕೂ ಇರುವ ಬೆಲೆಯ ವ್ಯತ್ಯಾಸವನ್ನು ಹೊನ್ನಾವರದವರು ಇನ್ನೊಂದು ಚಿತೆಯಿಂದ ಕಲಿಯಬೇಕಾಗಿಲ್ಲ.

ಎರಡನೆಯ ಕಡೆಯವರು ವಿದ್ಯಾವಂತರು, ಹೆಚ್ಚಾಗಿ ನಮ್ಮಂಥ ಪೇಟೆಯವರು. ಇವರಿಗೆ ಪರಿಹಾರ ಬಹಳ ಸುಲಭ: ಬೆಂಕಿಯನ್ನೇ ನಿಲ್ಲಿಸಿಬಿಡಿ; ಕೆಂಪು ದೀಪ ಹಾಕಿ, ಹೊಗೆಯ ಯಂತ್ರ ತನ್ನಿ. ಇವರ ಮೇಲೆ ನನಗೆ ಮೊದಲಿನವರಿಗಿಂತ ಹೆಚ್ಚು ಸಿಟ್ಟು. ಹೊಸಾಕುಳಿಯ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ಕಂಡವರು ಹೇಳಲಿ, ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಬೂದಿಯಾಗುವ ವರದ ಕಥೆಯನ್ನು ಪೂರ್ತಿಯಾಗಿ ಪ್ಲಾಸ್ಟಿಕ್ ದೀಪಕ್ಕೆ ಒಪ್ಪಿಸಬಹುದೆ? ರಾಳದ ವಾಸನೆ, ಮುಖಕ್ಕೆ ಒಮ್ಮೆ ಬಡಿದು ಹೋಗುವ ಆ ಬಿಸಿ, ಮಕ್ಕಳು ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವ ಗಳಿಗೆ, ಇವೆಲ್ಲ ಆಟದ ಜೀವ. 1842ರಷ್ಟು ಹಿಂದೆಯೇ ಈ ಸೀಮೆಯ ಮೇಳ ಸಾಂಗ್ಲಿಯವರೆಗೆ ಹೋಗಿ ಮರಾಠಿ ರಂಗಭೂಮಿಗೇ ಕಿಡಿ ಹತ್ತಿಸಿತೆಂದು ಕರ್ಕಿಯ ಹೆಸರು ಹೇಳಿ ಹೆಮ್ಮೆ ಪಡುತ್ತೇವೆ. ಆ ಕಿಡಿಯನ್ನು ಕಳೆದುಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ನಿಷೇಧ ಮಾಡುವವನಿಗೆ ಖರ್ಚಿಲ್ಲ, ಶ್ರಮವಿಲ್ಲ. ಒಂದು ಕಾಗದಕ್ಕೆ ಸಹಿ ಹಾಕಿದರೆ ಮುಗಿಯಿತು. ಬೆಂಕಿಯನ್ನು ಉಳಿಸಿಕೊಂಡು ಮನುಷ್ಯನನ್ನೂ ಉಳಿಸಿಕೊಳ್ಳುವುದಕ್ಕೆ ಕೆಲಸ ಮಾಡಬೇಕು.

ಆ ಕೆಲಸ ಎಂಥದೆಂದು ನಾನು ಕಲಿತದ್ದು, ಸೋಜಿಗವೆಂದರೆ, ಕುಮಟಾ ತಾಲೂಕಿನ ಗೋಕರ್ಣದಲ್ಲಿ, ಕುಡ್ಲೆಯ ಮರಳಿನ ಮೇಲೆ. ಅಲ್ಲಿ ಸಂಜೆಯಾದ ಮೇಲೆ ಪರದೇಶದ ತರುಣ ತರುಣಿಯರು ಸರಪಳಿಯ ತುದಿಗೆ ಉರಿಯುವ ಉಂಡೆ ಕಟ್ಟಿ ತಿರುಗಿಸುತ್ತಾರೆ. ಅವರ ಜಡೆ, ಅವರ ವೇಷ ನೋಡಿ ನಮ್ಮ ಭಕ್ತಾದಿಗಳು ಮೂಗು ಮುರಿಯುತ್ತಾರೆ, ನಾನೂ ಮುರಿದವನೇ. ಒಂದು ಸಂಜೆ ಸುಮ್ಮನೆ ಕುಳಿತು ಗಮನಿಸಿದೆ. ಕುಣಿಯುವ ಹುಡುಗಿ ಮೊದಲು ಕೂದಲನ್ನು ನೆನೆಸಿ ಹತ್ತಿಯ ವಸ್ತ್ರದಿಂದ ಬಿಗಿದು ಕಟ್ಟಿದಳು. ತೊಟ್ಟದ್ದು ದಪ್ಪ ಹತ್ತಿಯ ಬಟ್ಟೆ, ಮೈಗೆ ಅಂಟಿದಂಥದು, ಜೋಲುವ ತುದಿಗಳಿಲ್ಲ. ಎಣ್ಣೆಯ ಡಬ್ಬಿ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು, ಮುಚ್ಚಳ ಹಾಕಿತ್ತು. ಉಂಡೆಗಳನ್ನು ಎಣ್ಣೆಯಲ್ಲಿ ಅದ್ದಿದ ಮೇಲೆ ಅಲ್ಲಿಯೇ ಬೀಸಿ ಹೆಚ್ಚಿನ ಹನಿಯನ್ನು ಹಾರಿಸಿದಳು. ಎಲ್ಲಕ್ಕಿಂತ ಮುಖ್ಯವಾಗಿ ಒಬ್ಬ ಹುಡುಗ ಒದ್ದೆ ಟವೆಲನ್ನು ಎರಡೂ ಕೈಯಲ್ಲಿ ಬಿಡಿಸಿ ಹಿಡಿದು ಅವಳನ್ನೇ ದಿಟ್ಟಿಸುತ್ತ ನಿಂತಿದ್ದ. ಅವನು ತಾಳ ಹಾಕಲಿಲ್ಲ, ಯಾರೊಡನೆಯೂ ಮಾತಾಡಲಿಲ್ಲ. ಅವನ ಕೆಲಸ ಅದೊಂದೇ. ತಲೆತಲಾಂತರದಿಂದ ಬೆಂಕಿಯೊಡನೆ ಆಡಿ ಬಂದವರು ನಾವು. ನಿನ್ನೆ ಮೊನ್ನೆ ಕಲಿತವರು ಅವರು. ಆ ಟವೆಲಿನ ಹುಡುಗ ಅವರಲ್ಲಿದ್ದಾನೆ, ನಮ್ಮಲ್ಲಿಲ್ಲ.

ಹಾಗಾದರೆ ಒಂದು ಮೇಳ ಏನೇನು ಸಿದ್ಧಮಾಡಿಕೊಳ್ಳಬೇಕು? ಅಂಗಡಿಯಲ್ಲಿ ಸಿಗದ ವಸ್ತು ಒಂದೂ ಇಲ್ಲ. ಮೊದಲು ಮೈಗೆ ತಾಗುವ ಬಟ್ಟೆ: ಮಣಿಕಟ್ಟಿನವರೆಗೆ ಬರುವ ಹತ್ತಿಯ ಅಂಗಿ, ಹತ್ತಿಯ ಚಲ್ಲಣ, ಕೇಸರಿ ಕಟ್ಟುವ ಮೊದಲು ಕಿವಿ ಕುತ್ತಿಗೆ ಮುಚ್ಚುವ ಹತ್ತಿಯ ಕುಲಾವಿ. ಮೇಲಿನ ಬಟ್ಟೆ ಎಷ್ಟೇ ಹೊಳೆಯಲಿ, ಮೈಗೂ ಅದಕ್ಕೂ ನಡುವೆ ಕರಗದ ಪದರವೊಂದಿರಬೇಕು. ಹೊರಗಿನ ಹತ್ತಿಯ ಬಟ್ಟೆಯನ್ನೂ ಹುಲ್ಲನ್ನೂ ತೆರೆಯನ್ನೂ ದ್ರಾವಣದಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಬೇಕು. ಈ ವಿದ್ಯೆ ಹೊಸದಲ್ಲ. 1821ರಲ್ಲಿಯೇ ಫ್ರಾನ್ಸಿನ ಗೇ-ಲ್ಯುಸಾಕ್ ಎಂಬ ರಸಾಯನಜ್ಞ ನಾಟಕಶಾಲೆಯ ಪರದೆಗಳಿಗಾಗಿ, ದೊರೆಯ ಅಪ್ಪಣೆಯ ಮೇರೆಗೆ, ಅಮೋನಿಯದ ಲವಣಗಳನ್ನೂ ಬಿಳಿಗಾರವನ್ನೂ ಪರೀಕ್ಷಿಸಿ ಬರೆದಿಟ್ಟಿದ್ದಾನೆ. ಬಿಳಿಗಾರವೆಂದರೆ ಅಕ್ಕಸಾಲಿಗನ ಬಳಿ ಇರುವುದೇ. ಏಳು ಪಾಲು ಬಿಳಿಗಾರಕ್ಕೆ ಮೂರು ಪಾಲು ಬೋರಿಕ್ ಆಮ್ಲ ಸೇರಿಸಿ ಬಿಸಿನೀರಿನಲ್ಲಿ ಕರಗಿಸಿದರೆ ಕೆಲಸಕ್ಕೆ ಬರುತ್ತದೆ. ಒಂದು ಚಿಂದಿಯನ್ನು ಅದ್ದಿ ಒಣಗಿಸಿ ಕಡ್ಡಿ ಗೀರಿ ನೋಡಿದರೆ ಸಾಲುತ್ತದೋ ಇಲ್ಲವೋ ತಾನೇ ತಿಳಿಯುತ್ತದೆ. ಎರಡು ಎಚ್ಚರ ಮಾತ್ರ ಬೇಕು. ನೀರು ಬಿದ್ದರೆ, ಬೆವರಿನಲ್ಲಿ ತೊಯ್ದರೆ ಅದು ತೊಳೆದು ಹೋಗುತ್ತದೆ. ಒಗೆದಾಗಲೆಲ್ಲ ಮತ್ತೆ ಅದ್ದಬೇಕು. ಪಾಲಿಯೆಸ್ಟರಿಗೆ ಇದರಿಂದ ಪ್ರಯೋಜನವಿಲ್ಲ. ಕರಗುವುದು ಕರಗಿಯೇ ತೀರುತ್ತದೆ.

ರಾಳ ಹಾಕುವವನಿಗೆ ತೆರೆದ ಬಟ್ಟಲು ಕೂಡದು. ಮುಚ್ಚಳವಿರುವ ಸಣ್ಣ ಡಬ್ಬಿ, ಒಂದು ಆಟಕ್ಕೆ ಬೇಕಾದಷ್ಟೇ ಪುಡಿ, ಉಳಿದದ್ದು ಚೌಕಿಯ ಹೊರಗೆ ದೂರದಲ್ಲಿ. ದಾಸ್ತಾನಿನ ಬಳಿ ಕಿಡಿ ಬಿದ್ದರೆ ಏನಾಗುತ್ತದೆಂಬುದನ್ನು 2024ರ ಅಕ್ಟೋಬರಿನಲ್ಲಿ ಕಾಸರಗೋಡು ಜಿಲ್ಲೆಯ ನೀಲೇಶ್ವರದ ತೆಯ್ಯಂ ಉತ್ಸವ ತೋರಿಸಿಕೊಟ್ಟಿದೆ. ಪಟಾಕಿಯ ಕಿಡಿ ಪಟಾಕಿಯ ಕೋಣೆಗೆ ಹಾರಿ ನೂರೈವತ್ತು ಮಂದಿ ಸುಟ್ಟುಕೊಂಡರು, ಕೆಲವರು ಉಳಿಯಲಿಲ್ಲ. ಗಾಳಿಯ ವಿಚಾರವನ್ನು ನಮ್ಮ ಕರಾವಳಿಯ ಮೀನುಗಾರರ ಬಳಿ ಕೇಳಿದರೂ ಸಾಕು. ಹಗಲು ಕಡಲಿನಿಂದ ಬೀಸುವ ಗಾಳಿ ರಾತ್ರಿ ಹೊತ್ತೇರಿದ ಮೇಲೆ ತಿರುಗಿ ಗುಡ್ಡದ ಕಡೆಯಿಂದ ಕಡಲಿಗೆ ಬೀಸುತ್ತದೆ. ರಾಕ್ಷಸ ಬರುವುದು ನಡುರಾತ್ರಿಯ ಮೇಲೆ. ಆದ್ದರಿಂದ ರಾಳದವನು ಬೆನ್ನಿಗೆ ಗಾಳಿ ಕೊಟ್ಟು ನಿಲ್ಲಬೇಕು. ವೇಷವಾಗಲಿ ಜನರಾಗಲಿ ದೊಂದಿಯ ಪಶ್ಚಿಮಕ್ಕೆ ಇರಕೂಡದು. ನಾನು ಕಂಡ ಆ ರಾತ್ರಿ ವೇಷ ನಿಂತಿದ್ದುದು ಸರಿಯಾಗಿ ಪಶ್ಚಿಮದಲ್ಲಿಯೇ.

ಮತ್ತೆ ಆ ಒದ್ದೆ ಗೋಣಿ. ನೀರಿನಲ್ಲಿ ಅದ್ದಿ ಹಿಂಡಿದ ಎರಡು ಗೋಣಿ, ಎರಡು ಉಣ್ಣೆಯ ಕಂಬಳಿ, ಒಂದು ಬಾಲ್ದಿ ಮರಳು, ನಾಲ್ಕು ಕೊಡ ನೀರು. ಉಣ್ಣೆಗೆ ಬೆಂಕಿ ಸುಲಭವಾಗಿ ಹತ್ತುವುದಿಲ್ಲ. ಮಳೆಯಲ್ಲಿ ಗದ್ದೆಗೆ ಇಳಿಯುವ ನಮ್ಮ ರೈತನ ಕಂಬಳಿ ಕೊಪ್ಪೆಗಿಂತ ಒಳ್ಳೆಯ ಅಗ್ನಿಕವಚವನ್ನು ಯಾವ ಕಂಪನಿಯೂ ಇಷ್ಟು ಅಗ್ಗವಾಗಿ ಮಾರುವುದಿಲ್ಲ. ಉರಿಯುವ ಎಣ್ಣೆಗೆ ನೀರು ಸುರಿಯಬಾರದು, ಮುಚ್ಚಬೇಕು. ಬೆಂದ ಮೈಗೆ ಪೇಸ್ಟು, ಶಾಯಿ, ಬೆಣ್ಣೆ ಹಚ್ಚಬಾರದು, ಇಪ್ಪತ್ತು ನಿಮಿಷ ತಣ್ಣೀರು ಹರಿಸಬೇಕು. ನೀರಿನ ಕೊಡ ಇರುವುದು ಅದಕ್ಕೆ. ಇವುಗಳ ಬಳಿ ಮೇಳದ ಒಬ್ಬ ನಿಂತಿರಬೇಕು, ಬೇರೆ ಯಾವ ಕೆಲಸವೂ ಇಲ್ಲದೆ, ಬೆಂಕಿ ಆರುವವರೆಗೆ. ಅವನಿಗೂ ಉಳಿದವರಂತೆ ಸಂಬಳ ಸಿಗಬೇಕು. ಮಾತು ಮುಖ್ಯವಾಗಿ ಅಲ್ಲಿಗೇ ಬಂದು ನಿಲ್ಲುತ್ತದೆ: ಯಾರು ಕೊಡುವವರು? ಆಟವನ್ನು ಗುತ್ತಿಗೆ ಹಿಡಿದವರು ಮೇಳದ ಕಡೆಗೆ ಬೊಟ್ಟು ಮಾಡುತ್ತಾರೆ. ಮೇಳದವರು ಹರಕೆಯವರ ಕಡೆಗೆ. ಹರಕೆಯವರು ದೇವರ ಕಡೆಗೆ. ಈ ಸಾಮಾನೆಲ್ಲ ಸೇರಿದರೂ ಒಂದು ರಾತ್ರಿಯ ಧ್ವನಿವರ್ಧಕದ ಬಾಡಿಗೆಯಷ್ಟಾಗದು. ಪ್ರತಿ ವರುಷ ಪ್ರಶಸ್ತಿ ಹಂಚುವ ಯಕ್ಷಗಾನ ಅಕಾಡೆಮಿ ಒಂದು ಸಲ ಮೇಳಗಳಿಗೆ ಕಂಬಳಿ ಹಂಚಲಿ. ಗುಣವಂತೆಯಲ್ಲಿ 1986ರಿಂದ, ಉಡುಪಿಯಲ್ಲಿ ಅದಕ್ಕೂ ಮೊದಲಿನಿಂದ ತಾಳ ಹೆಜ್ಜೆ ಕಲಿಸುವ ಕೇಂದ್ರಗಳಿವೆ. ಅಲ್ಲಿ ಬೆಂಕಿಯ ಪಾಠಕ್ಕೂ ನಾಲ್ಕು ದಿನ ಸಿಕ್ಕರೆ ಆ ಮಕ್ಕಳು ಮುಂದೆ ಮೇಳಗಳಿಗೆ ಗುರುಗಳಾಗುತ್ತಾರೆ.

ಇಷ್ಟೊಂದು ಹಟ ಯಾಕೆ ಎಂದರೆ, ಭಟ್ಕಳ ಹೊನ್ನಾವರ ಕುಮಟೆಯಲ್ಲಿ ದೊಡ್ಡ ಸುಟ್ಟಗಾಯವೆಂದರೆ ಮಣಿಪಾಲವೋ ಮಂಗಳೂರೋ ಹುಬ್ಬಳ್ಳಿಯೋ ಎಂದೇ ಜನ ಹೊರಡುವುದು. ಕುಮಟೆಯಿಂದ ಮಣಿಪಾಲಕ್ಕೆ ನೂರೈವತ್ತು ಕಿಲೋಮೀಟರಿನಷ್ಟು ದಾರಿ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬ್ಯುಲೆನ್ಸ್ ಶಿರೂರಿನ ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ತೀರಿಕೊಂಡದ್ದು ಇದೇ ದಾರಿಯಲ್ಲಿ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂದು ಜನ ಬೀದಿಗಿಳಿದು ಕೂಗಿದ್ದೂ ನೆನಪಿರಬಹುದು. ಆ ಕೂಗು ನ್ಯಾಯವಾದದ್ದು. ಆಸ್ಪತ್ರೆಗೆ ಸರಕಾರ ಬೇಕು. ಗೋಣಿಗೆ ಸರಕಾರ ಬೇಕಾಗಿಲ್ಲ.

ಮಳೆಗಾಲದಲ್ಲಿ ಮೇಳಗಳು ಮನೆ ಸೇರುತ್ತವೆ. ಹರಿದ ದಗಲೆ ಹೊಲಿಯುವ, ಬೇಗಡೆ ಅಂಟಿಸುವ ಕಾಲ ಅದು. ಹೋದ ಮಳೆಗಾಲದಲ್ಲಿ ಕುಮಟೆಯ ಕಡೆ ವೇಷಭೂಷಣ ಕಟ್ಟುವವರೊಬ್ಬರ ಮನೆಗೆ ಬಿಳಿಗಾರದ ಪೊಟ್ಟಣ ಕಟ್ಟಿಕೊಂಡು ಹೋಗಿದ್ದೆ. ಜಗಲಿಯ ಮೇಲೆ ಮೂರು ಚಿಂದಿಗಳನ್ನು ತೂಗುಹಾಕಿ ಕಡ್ಡಿ ಗೀರಿದೆವು. ಪಾಲಿಯೆಸ್ಟರಿನದು ತೊಟ್ಟಿಕ್ಕಿ ನೆಲದ ಮೇಲೆ ಕಪ್ಪು ಹನಿಯಾಯಿತು. ಅದ್ದದ ಹತ್ತಿ ಸರ್ರನೆ ಮೇಲಕ್ಕೆ ಉರಿಯಿತು. ಅದ್ದಿದ ಹತ್ತಿಯ ತುದಿ ಕರಿಯಾಗಿ, ಕಡ್ಡಿ ತೆಗೆದೊಡನೆ ಆರಿತು. ಅವರು ಆ ಚಿಂದಿಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು.

"ಬಣ್ಣ ಕೊಂಚ ಮಂಕಾಗ್ತದಲ್ಲ ಮಾಸ್ತರೆ?"

"ಆಗ್ತದೆ" ಎಂದೆ.

"ದೂರದಿಂದ ನೋಡುವವರಿಗೆ ಅಷ್ಟು ಕಾಣೂದಿಲ್ಲ ಬಿಡಿ" ಎಂದು ಹೇಳಿ, ಒಳಗಿನಿಂದ ಒಂದು ಹಳೆಯ ತೆರೆಯನ್ನು ತಂದು ಬೋಗುಣಿಯೊಳಗೆ ಅದುಮಿದರು.